ಮೂವತ್ತೆಂಟು ಮಾಡಗಳ ಶಂಕ್ರವ್ವ ಅಕ್ಕಾರು

ಯಾರಾದರೂ ಕಂಪ್ಯೂಟರಿನ ಮುಂದೆ ಕುಳಿತು ಪಾಸ್‌ವರ್ಡ್ ಒತ್ತಲು ಶುರು ಮಾಡಿದರೆ ಸಾಕು, ಶಂಕ್ರವ್ವ ಅಕ್ಕಾರು ಗೋಡೆಯ ಕಡೆ ಮುಖ ಮಾಡಿ ನಿಂತುಬಿಡುತ್ತಿದ್ದರು. ತಾವು ತಿರುಗಿದರಷ್ಟೇ ಸಾಲದು, ಗ್ರಂಥಾಲಯದಲ್ಲಿದ್ದವರೆಲ್ಲರೂ ತಿರುಗಬೇಕಿತ್ತು. ಪೇಪರ್ ಓದುತ್ತಿದ್ದ ಹಿರಿಯರು, ಪರೀಕ್ಷೆಗೆ ಓದುತ್ತಿದ್ದ ಹುಡುಗಿಯರು, ಬಿಸಿಲಿಗೆ ಫ್ಯಾನ್ ಕೆಳಗೆ ಕುಳಿತುಹೋಗೋಣವೆಂದು ಬಂದವರು, ಎಲ್ಲರೂ. ಒಮ್ಮೆ ಯಾವುದೋ ಕಾಗದಕ್ಕೆ ಸಹಿ ಮಾಡಲು ಬಂದಿದ್ದ ಪಂಚಾಯಿತಿ ಅಧ್ಯಕ್ಷರನ್ನೂ ಬಿಡಲಿಲ್ಲ. "ಅಧ್ಯಕ್ಷರ, ನೀವೂ ಆ ಕಡೆ ತಿರಗ್ರಿ. ಆಕಿ ತನ್ನ ಮನಿ ಕೀಲಿ ತಗಿಯಾಕತ್ತಾಳ" ಅಂದರು. ಅಧ್ಯಕ್ಷರು ಕೈಯಲ್ಲಿ ಪೆನ್ನು ಹಿಡಿದುಕೊಂಡೇ ತಿರುಗಿ, ಗೋಡೆಯ ಕ್ಯಾಲೆಂಡರಿನಲ್ಲಿ ಅಮಾವಾಸ್ಯೆ ಯಾವತ್ತಿದೆ ಎಂದು ನೋಡುತ್ತ ನಿಂತರು. ಕೀಲಿ ತೆಗೆಯುತ್ತಿದ್ದವಳು ನಾನೇ. ಮದುವೆಯಾಗಿ ಹನ್ನೊಂದು ವರ್ಷವಾಗಿದ್ದರೂ ಊರಿನ ದೊಡ್ಡವರೊಬ್ಬರು ನನಗಾಗಿ ಬೆನ್ನು ತಿರುಗಿಸಿ ನಿಂತದ್ದು ಅದೇ ಮೊದಲು.

ನಮ್ಮೂರು ಡೋಣಿ ಗ್ರಾಮದ ಆಚೆ, ಕಪ್ಪತಗುಡ್ಡದ ಬುಡದಲ್ಲಿದೆ. ಶಂಕ್ರವ್ವ ನಮ್ಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿ. ಶಾಲೆಯಲ್ಲಿ ಪಾಠ ಹೇಳಿದವರಲ್ಲ, ಆದರೂ ಊರೆಲ್ಲ ಅವರನ್ನು ಶಾಲೆಯ ಟೀಚರನ್ನು ಕರೆಯುವ ಹಾಗೆ 'ಅಕ್ಕಾರ' ಎಂದೇ ಕರೆಯುತ್ತಿತ್ತು. ಕುಳ್ಳಗಿನ ಆಳು, ದಪ್ಪ ಕನ್ನಡಕ, ಬೆಟಗೇರಿ ಮಗ್ಗದ ಹತ್ತಿ ಸೀರೆ. ಸೊಂಟದಲ್ಲಿ ಸದಾ ಒಂದು ಕೀಲಿಗೊಂಚಲು. ಅದರಲ್ಲಿ ಬೀರುವಿನ ಕೀಲಿ, ಬಾಗಿಲ ಕೀಲಿ ಮತ್ತು ಒಂದು ಕೆಂಪು ಪೆನ್‌ಡ್ರೈವ್. ಮಾತು ಸ್ವಲ್ಪ ಖಾರ. ಪುಸ್ತಕದ ಹಾಳೆ ಮಡಚಿ ಕೊಟ್ಟವರಿಗೆ ಮುಂದಿನ ಪುಸ್ತಕ ಕೊಡುವ ಮೊದಲು ಕೈ ಮುಂದೆ ಹಿಡಿಯಲು ಹೇಳಿ, ಬೆರಳು ಮಡಚಿ ತೋರಿಸಿ, "ನೋವಾತಿಲ್ಲೋ" ಎಂದು ಕೇಳುತ್ತಿದ್ದರು.

ಗ್ರಂಥಾಲಯಕ್ಕೆ ಕಂಪ್ಯೂಟರ್ ಬಂದಾಗ ಊರಿಗೆಲ್ಲ ಅದೊಂದೇ, ಅದರೊಳಗೆ ಎಲ್ಲರಿಗೂ ಒಂದೇ ಖಾತೆ. ಯಾರ ಕಾಗದ ಯಾರದೋ, ಎಲ್ಲವೂ ಪರದೆಯ ಮೇಲೆ ಸುರುವಿ ಬಿದ್ದಿರುತ್ತಿದ್ದವು. ನಮ್ಮೂರ ದರ್ಜಿ ಹನುಮಂತಪ್ಪ ಎಡಚರು. ಅವರು ಮೌಸಿನ ಎರಡು ಗುಂಡಿಗಳನ್ನು ಅದಲುಬದಲು ಮಾಡಿಟ್ಟುಕೊಂಡು ಬ್ಲೌಸಿನ ಚಿತ್ರಗಳನ್ನು ನೋಡಿ ಹೋಗುತ್ತಿದ್ದರು. ಅವರ ಹಿಂದೆ ಬರುತ್ತಿದ್ದವರು ಪೋಸ್ಟ್‌ಮನ್ ಆಗಿದ್ದು ನಿವೃತ್ತರಾದ ರುದ್ರಪ್ಪಜ್ಜ. ಅಜ್ಜನಿಗೆ ಬಲಗುಂಡಿ ಎಡವಾಗಿ, ಎಡಗುಂಡಿ ಬಲವಾಗಿ ತಲೆ ಕೆಟ್ಟುಹೋಗುತ್ತಿತ್ತು. ಅವರು ಸರಿ ಮಾಡಿಸಿ, ಜೊತೆಗೆ ಅಕ್ಷರಗಳನ್ನು ತಮ್ಮ ಕಣ್ಣಿಗೆ ತಕ್ಕಂತೆ ದೊಡ್ಡದು ಮಾಡಿಸಿಕೊಂಡು ಕೂತರೆ, ಮರುದಿನ ದರ್ಜಿಗೆ ಒಂದು ಬ್ಲೌಸು ಕೂಡ ಪರದೆಯಲ್ಲಿ ಹಿಡಿಸುತ್ತಿರಲಿಲ್ಲ. ಹದಿನೈದು ದಿನ ಹೀಗೇ ನಡೆದು, ಒಂದೇ ಓಣಿಯ ಅವರಿಬ್ಬರ ನಡುವೆ ಮಾತು ನಿಂತಿತು.

ಅಕ್ಕಾರು ಇಬ್ಬರನ್ನೂ ಕರೆದು ಎದುರುಬದುರು ಕೂರಿಸಿದರು. ಗದಗಿನ ಕಂಪ್ಯೂಟರ್ ತರಬೇತಿಯಲ್ಲಿ ಕೊಟ್ಟಿದ್ದ ಪುಸ್ತಕವನ್ನು ಒಂದು ವಾರ ಓದಿ ಅವರು ತೀರ್ಪು ತಯಾರು ಮಾಡಿಕೊಂಡಿದ್ದರು.

"ನನ್ನ ಗಂಡನ ಮನ್ಯಾಗ ನಾವು ಐದ ಮಂದಿ ಸೊಸ್ತೇರು" ಎಂದು ಶುರು ಮಾಡಿದರು. "ಪಡಸಾಲಿ ಗ್ವಾಡಿ ಒಂದ. ಗ್ವಾಡ್ಯಾಗ ಸಾಮಾನ ಇಡಾಕ ಕೊರದ ಐದ ಮಾಡ. ನನ್ನ ಬಾಚಣಿಕಿ, ನನ್ನ ಕುಂಕುಮದ ಭರಣಿ ನನ್ನ ಮಾಡದಾಗ. ಆಕಿ ಕನ್ನಡಿ ಆಕಿ ಮಾಡದಾಗ. ಕನ್ನಡಿ ಎಷ್ಟ ವಾರಿ ಇಡಬೇಕು ಅನ್ನೂದು ಆಕಿ ಮರ್ಜಿ. ಒಬ್ಬರ ಮಾಡಕ್ಕ ಒಬ್ಬರು ಕೈ ಹಾಕಂಗಿಲ್ಲ. ಅದಕ್ಕ ಐದೂ ಮಂದಿ ಒಂದ ಒಲಿ ಮ್ಯಾಲೆ ಇಪ್ಪತ್ತ ವರ್ಷ ಅಡಗಿ ಮಾಡಿದ್ವಿ. ಈ ಕಂಪ್ಯೂಟರನ್ಯಾಗೂ ಹಂಗ ಮಾಡ ತಗಿಯಾಕ ಬರ್ತೈತಿ. ನಿಮ್ಮ ಕಾಗದ, ನಿಮ್ಮ ಚಿತ್ರ, ನಿಮ್ಮ ಅಕ್ಷರದ ಅಳತಿ, ನಿಮ್ಮ ಮೌಸ್ ಎಡಕ್ಕೋ ಬಲಕ್ಕೋ, ಎಲ್ಲಾ ನಿಮ್ಮ ಮಾಡದಾಗ. ನಿಮ್ಮ ಹೆಸರು ಒತ್ತಿ ಒಳಗ ಬಂದ್ರ ಮಷೀನು ನಿಮ್ಮ ಮರ್ಜಿಗೆ ಬರ್ತೈತಿ. ಎದ್ದ ಹೋಗುವಾಗ ಮಾತ್ರ ಬಾಗಿಲಾ ಹಾಕಿ ಏಳಬೇಕು."

ಹೀಗೆ ನಮ್ಮೂರಿನ ಒಂದು ಕಂಪ್ಯೂಟರಿನಲ್ಲಿ ಮೂವತ್ತೆಂಟು ಮಾಡಗಳಾದವು. ಬಾಗಿಲು ಹಾಕುವುದೆಂದರೆ ಲಾಗೌಟ್ ಮಾಡುವುದು. "ಬಾಗಿಲಾ ಹಾಕಿ ಏಳ್ರಿ" ಎನ್ನುವ ಮಾತನ್ನು ಅವರು ದಿನಕ್ಕೆ ಎಷ್ಟು ಸಲ ಹೇಳುತ್ತಿದ್ದರೋ ಲೆಕ್ಕವಿಲ್ಲ. ನಮ್ಮೂರಿನಲ್ಲಿ ಹಗಲು ಹೊತ್ತು ಯಾರೂ ಮನೆಯ ಬಾಗಿಲು ಹಾಕುವುದಿಲ್ಲ. ಹಾಕಿದರೆ ಒಳಗೆ ಏನೋ ಜಗಳ ನಡೆದಿದೆ ಎಂದು ಅರ್ಥ. ಹಾಗಾಗಿ ಜನ ಆ ಬಾಗಿಲನ್ನೂ ಹಾಕದೆ ಎದ್ದು ಹೋಗುತ್ತಿದ್ದರು, ಅಕ್ಕಾರು ಬೀದಿಯವರೆಗೂ ಹೋಗಿ ಕರೆದುಕೊಂಡು ಬಂದು ಹಾಕಿಸುತ್ತಿದ್ದರು. ದರ್ಜಿಯೂ ಅಜ್ಜನೂ ಒಂದೇ ವಾರದಲ್ಲಿ ಒಟ್ಟಿಗೆ ಚಹಾ ಕುಡಿಯತೊಡಗಿದರು.

ಪಾಸ್‌ವರ್ಡಿನ ಕಥೆ ಬೇರೆ. ಮರೆಯಲಾರದಂಥ ಹೆಸರು ಇಟ್ಟುಕೊಳ್ಳಿ, ಯಾರಿಗೂ ಹೇಳಬೇಡಿ ಎಂದು ಅಕ್ಕಾರು ಹೇಳಿದ್ದೇ ತಡ, ಮೂವತ್ತೆಂಟು ಜನರಲ್ಲಿ ಮೂವತ್ತೈದು ಜನ ಒಬ್ಬರಿಗೊಬ್ಬರು ಹೇಳಿಕೊಳ್ಳದೆಯೇ ಗುಡ್ಡದ ದೇವರು ಮಲ್ಲಯ್ಯನ ಹೆಸರಿಟ್ಟರು. ಮಲ್ಲಯ್ಯ ಎಲ್ಲರನ್ನೂ ಕಾಯುತ್ತಾನೆ ಎಂಬುದು ನಿಜ, ಆದರೆ ಆ ವಾರ ಎಲ್ಲರ ಬಾಗಿಲನ್ನೂ ತೆರೆದ. ಅಕ್ಕಾರಿಗೆ ಇದು ಗೊತ್ತಾದಾಗ ಸಿಟ್ಟು ಬರಲಿಲ್ಲ, ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಉಳಿದ ಮೂವರು ಹೆಂಗಸರು ಗಂಡನ ಹೆಸರಿಟ್ಟಿದ್ದರು. ಬಾಯಿಂದ ಹೇಳಬಾರದ ಹೆಸರು, ಹಾಗಾಗಿ ಗುಟ್ಟಾಗಿ ಉಳಿಯುತ್ತದೆ ಎಂಬುದು ಅವರ ವಾದ. ಊರಿಗೆಲ್ಲ ಗೊತ್ತಿರುವ ಹೆಸರು ಅದು ಎನ್ನುವುದು ಅವರಿಗೆ ಹೊಳೆದಿರಲಿಲ್ಲ. ಆ ಮೂವರಲ್ಲಿ ನಾನೂ ಒಬ್ಬಳು.

ಆಗ ಅಕ್ಕಾರು ಹೆಂಗಸರನ್ನಷ್ಟೇ ಹತ್ತಿರ ಕರೆದು, "ತವರಮನ್ಯಾಗ ನೀವು ಸಣ್ಣವರಿದ್ದಾಗ ಹಾಲು ಹಿಂಡತಿದ್ದ ಎಮ್ಮಿ ಹೆಸರು ಇಟ್ಕೋರಿ. ಈ ಊರಾಗ ಅದು ಯಾರಿಗೂ ಗೊತ್ತಿಲ್ಲ, ನೀವು ಸಾಯೂತನಾ ಮರಿಯಂಗಿಲ್ಲ" ಎಂದರು. ನಾವು ಹೊಂಬಳದಿಂದ, ಲಕ್ಷ್ಮೇಶ್ವರದಿಂದ, ಸಿಂಗಟಾಲೂರಿನಿಂದ ಬಂದ ಸೊಸೆಯರು. ನಮ್ಮ ಎಮ್ಮೆಗಳನ್ನು ಈ ಊರು ಎಂದೂ ಕೇಳಿರಲಿಲ್ಲ. ಗಂಡಸರ ಎತ್ತಿನ ಹೆಸರು, ಎಮ್ಮೆಯ ಹೆಸರು ಎಲ್ಲ ಊರಿಗೇ ಗೊತ್ತು. ಗುಟ್ಟಿನ ಹೆಸರು ಹುಡುಕಲು ಅವರು ಬಹಳ ದಿನ ಒದ್ದಾಡಿದರು, ನಮಗೆ ಒಳಗೊಳಗೇ ಬಹಳ ಖುಷಿಯಾಯಿತು. ನನ್ನ ಎಮ್ಮೆಯ ಹೆಸರನ್ನು ನಾನು ಇಲ್ಲಿಯೂ ಹೇಳುವುದಿಲ್ಲ.

ನಾನು ಗ್ರಂಥಾಲಯಕ್ಕೆ ಹೋಗತೊಡಗಿದ್ದು ನನ್ನ ಮಾವನವರಿಗಾಗಿ. ಅವರು ದನಗಳಿಗೆ ನಾಟಿ ಔಷಧ ಕೊಡುವವರು. ಹೊಟ್ಟೆಯುಬ್ಬಿದ ಎತ್ತು, ಮೆಲುಕು ಹಾಕದ ಆಕಳು, ಕರು ಹಾಕಲು ಒದ್ದಾಡುವ ಎಮ್ಮೆ, ಯಾವುದಿದ್ದರೂ ಸುತ್ತಲಿನ ಹಳ್ಳಿಗಳಿಂದ ಮೊದಲು ಅವರನ್ನು ಕರೆಯಲು ಬರುತ್ತಿದ್ದರು. ಯಾವ ಸೊಪ್ಪು ಗುಡ್ಡದ ಯಾವ ಮಗ್ಗುಲಲ್ಲಿದೆ, ಯಾವ ಮಳೆಯ ನಂತರ ಬೇರು ಕೀಳಬೇಕು ಎಂಬುದೆಲ್ಲ ಅವರ ತಲೆಯಲ್ಲೇ ಇತ್ತು. ಲಕ್ವಾ ಹೊಡೆದು ಅವರ ನಾಲಿಗೆ ಮುಗ್ಗರಿಸತೊಡಗಿದ ಮೇಲೆ ನನಗೆ ಭಯವಾಯಿತು. ಮಾತು ಪೂರ್ತಿ ನಿಂತುಹೋದರೆ ಅದೆಲ್ಲ ಅವರ ಜೊತೆಗೇ ಹೋಗುತ್ತದೆ. ಫೋನು ಮುಂದಿಟ್ಟರೆ ಅವರು ಬಾಯಿಯೇ ತೆರೆಯುತ್ತಿರಲಿಲ್ಲ, ತೊದಲುವುದು ಊರಿಗೆಲ್ಲ ಕೇಳಿಸುತ್ತದೆ ಎಂಬ ನಾಚಿಕೆ. ನನ್ನ ಮುಂದೆ ಮಾತ್ರ ಹೇಳುತ್ತಿದ್ದರು. ನಾನು ಕೇಳಿಸಿಕೊಂಡು, ಮನೆಗೆಲಸ ಮುಗಿಸಿ, ಓಡಿಹೋಗಿ ಕಂಪ್ಯೂಟರಿನಲ್ಲಿ ಬರೆಯುತ್ತಿದ್ದೆ. ಎರಡು ವರ್ಷದಲ್ಲಿ ಅರವತ್ತೊಂದು ಔಷಧ ಬರೆದಿದ್ದೆ, ಒಂದೊಂದಕ್ಕೂ ಒಂದೊಂದು ಫೈಲು.

ಒಂದು ಮುಂಜಾನೆ ಮಾವನವರ ನಾಲಿಗೆ ಎಂದಿಗಿಂತ ಹಗುರವಾಗಿತ್ತು. ಎಮ್ಮೆಗೆ ಕೆಚ್ಚಲು ಬಾವು ಬಂದಾಗ ಹಚ್ಚುವ ಒಂದು ಬಳ್ಳಿಯ ವಿಷಯ ಒಂದು ತಾಸು ಹೇಳಿದರು. ಅದು ಗುಡ್ಡದಲ್ಲಿ ಮೂರೇ ಜಾಗದಲ್ಲಿದೆಯಂತೆ. ಮೂರಕ್ಕೂ ದಾರಿ ಹೇಳಿದರು. ಹೇಳಿ ಮುಗಿಸಿ ಬೆವರಿ ಮಲಗಿದರು. ನಾನು ಮನೆಗೆಲಸ ಮುಗಿಸಿ ಗ್ರಂಥಾಲಯಕ್ಕೆ ಓಡಿದೆ. ಅಕ್ಕಾರು ಮೀಟಿಂಗಿಗೆಂದು ಮುಂಡರಗಿಗೆ ಹೋಗಿದ್ದರು. ಬಾಗಿಲಿನ ಇನ್ನೊಂದು ಕೀಲಿಯನ್ನು ಪಕ್ಕದ ಪಂಚಾಯಿತಿ ಕಚೇರಿಯಲ್ಲಿ ಕೊಟ್ಟುಹೋಗುವುದು ರೂಢಿ, ಅದನ್ನು ಇಸಿದುಕೊಂಡು ಬಾಗಿಲು ತೆಗೆದೆ.

ಎಮ್ಮೆಯ ಹೆಸರು ಒತ್ತಿ ಒಳಗೆ ಹೋದೆ. ಒಳಗೆ ಏನೂ ಇರಲಿಲ್ಲ. ನನ್ನ ಹಳದಿ ಪರದೆಯ ಬದಲು ಯಾವುದೋ ನೀಲಿ ಪರದೆ, ಅಕ್ಷರಗಳು ಸಣ್ಣ, ನನ್ನ ಅರವತ್ತೊಂದು ಫೈಲುಗಳಲ್ಲಿ ಒಂದೂ ಇಲ್ಲ. ಮೂಲೆಯಲ್ಲಿ ಇಂಗ್ಲಿಷಿನಲ್ಲಿ ಏನೋ ಬರಹ ಬಂತು, ತಿಳಿಯದೆ ಮುಚ್ಚಿದೆ. ಅಳುತ್ತ ಕೂತರೆ ಮಾವ ಹೇಳಿದ್ದು ಮರೆತುಹೋಗುತ್ತದೆ, ಮೊದಲು ಬರೆಯೋಣ, ಆಮೇಲೆ ಅಕ್ಕಾರನ್ನು ಕೇಳೋಣ ಎಂದುಕೊಂಡು ಆ ಖಾಲಿ ಪರದೆಯಲ್ಲೇ ನಾಲ್ಕು ಪುಟ ಬರೆದೆ. ಮೂರು ಜಾಗದ ದಾರಿಯನ್ನೂ ಬರೆದೆ. ಉಳಿಸಿದೆ. ಬಾಗಿಲು ಹಾಕಿ ಏಳಬೇಕೆಂದು ಮೌಸನ್ನು ಲಾಗೌಟಿನ ಮೇಲೆ ತಂದಿಟ್ಟೆ.

ಅಷ್ಟರಲ್ಲಿ ಮಧ್ಯಾಹ್ನದ ಬಸ್ಸಿಗೆ ಬಂದ ಅಕ್ಕಾರು ಬಾಗಿಲಲ್ಲಿ ಕಾಣಿಸಿದರು. ನನ್ನ ಮುಖ ನೋಡಿ, ಪರದೆ ನೋಡಿ, ನಾನು ಏನಾಯಿತೆಂದು ಹೇಳುತ್ತಿದ್ದಂತೆಯೇ ಚಪ್ಪಲಿಯನ್ನೂ ಬಿಡದೆ ಒಳಗೆ ಬಂದರು.

"ನೀಲವ್ವ, ಕೈ ತಗಿ" ಅಂದರು. "ಬಾಗಿಲಾ ಹಾಕಬ್ಯಾಡ."

ಅವರ ಬಾಯಲ್ಲಿ ಆ ಮಾತು ಕೇಳಿ ನನಗೆ ಕಂಪ್ಯೂಟರಿಗಿಂತ ಅವರಿಗೇ ಏನೋ ಆಗಿದೆ ಅನಿಸಿತು. ನನ್ನ ಕೈಯನ್ನು ಮೌಸಿನಿಂದ ತಾವೇ ಎತ್ತಿ ಪಕ್ಕಕ್ಕಿಟ್ಟರು. ಮುಚ್ಚಿದ್ದ ಇಂಗ್ಲಿಷ್ ಬರಹವನ್ನು ಹುಡುಕಿ ತೆಗೆದು, ಬೆರಳಿಟ್ಟು ಓದಿದರು.

"ನಿನ್ನ ಮಾಡದ ಬಾಗಿಲಾ ಕೆಟ್ಟೈತಿ. ಅದಕ್ಕ ಮಷೀನು ನಿನ್ನ ಇವತ್ತಿಗಷ್ಟ ಒಂದು ಗುಡಸಲದಾಗ ಕುಂಡರಿಸೈತಿ. ನೀ ಎದ್ದು ಬಾಗಿಲಾ ಹಾಕಿದಿ ಅಂದ್ರ ಗುಡಸಲಾ ಕಿತ್ತ ಒಗೀತೈತಿ. ಬರದದ್ದೆಲ್ಲಾ ಅದರ ಜೋಡಿ ಹೊಕ್ಕೈತಿ."

"ಮತ್ತ ನನ್ನ ಹಳೇವು, ಅಕ್ಕಾರ?"

"ಅವನ್ನ ಆಮ್ಯಾಲೆ ನೋಡೂಣು. ಮೊದಲ ಇದ್ದದ್ದು ಹಿಡಿ. ಮೂರಕ್ಕ ಕರೆಂಟ್ ಹೊಕ್ಕೈತಿ."

ಗೋಡೆಯ ಗಡಿಯಾರದಲ್ಲಿ ಎರಡೂ ಐವತ್ತು. ಕಿಟಕಿಯಾಚೆ ಗುಡ್ಡದ ಮೇಲೆ ಗಾಳಿಯಂತ್ರಗಳ ರೆಕ್ಕೆಗಳು ಎಂದಿನಂತೆ ತಿರುಗುತ್ತಿದ್ದವು, ಆದರೂ ನಮ್ಮೂರಲ್ಲಿ ಮೂರಕ್ಕೆ ಕರೆಂಟು ಹೋಗುವುದು ತಪ್ಪುತ್ತಿರಲಿಲ್ಲ. ಯುಪಿಎಸ್ಸಿನ ಬ್ಯಾಟರಿ ಸತ್ತು ಒಂದು ತಿಂಗಳಾಗಿತ್ತು. ಅಕ್ಕಾರು ಸೊಂಟದ ಗೊಂಚಲಿನಿಂದ ಕೆಂಪು ಪೆನ್‌ಡ್ರೈವ್ ಬಿಚ್ಚಲು ಹೋದರು. ಗಂಟು ಬಿಗಿಯಾಗಿತ್ತು. ಹಲ್ಲಿನಿಂದ ಕಚ್ಚಿ ದಾರ ಹರಿದರು. ನಾಲ್ಕು ಪುಟ ಅದರೊಳಗೆ ಹೋದವು. ಹೋದವೋ ಇಲ್ಲವೋ ಎಂದು ತೆರೆದು, ಮೊದಲಿಂದ ಕೊನೆಯ ಸಾಲಿನವರೆಗೂ ನನ್ನಿಂದ ಓದಿಸಿದರು. ಮೂರನೆಯ ಜಾಗದ ದಾರಿ ಓದಿ ಮುಗಿಸಿದಾಗ ಪೆನ್‌ಡ್ರೈವ್ ಎಳೆದುಕೊಂಡು ಮುಷ್ಟಿಯಲ್ಲಿ ಹಿಡಿದರು.

"ಈಗ ಹಾಕು ಬಾಗಿಲಾ" ಅಂದರು. ಹಾಕಿದೆ. ಸ್ವಲ್ಪ ಹೊತ್ತಿಗೆ ಫ್ಯಾನು ನಿಂತಿತು. ನನಗೆ ಅಳು ಬಂತು. ಅವರು ತಮ್ಮ ಬುತ್ತಿಯ ಗಂಟು ಬಿಚ್ಚಿ ಅರ್ಧ ರೊಟ್ಟಿ ನನ್ನ ಕೈಗಿಟ್ಟರು.

ಎರಡು ದಿನದ ಮೇಲೆ ಗದಗಿನಿಂದ ಮೆಕ್ಯಾನಿಕ್ ಬಂದ. ಒಳ್ಳೆಯ ಮನುಷ್ಯನೇ, ಆದರೆ ಬಹಳ ಅವಸರ. ನೋಡಿದವನೇ ಫಾರ್ಮ್ಯಾಟ್ ಹೊಡೆಯುತ್ತೇನೆ, ಎಲ್ಲ ಹೊಸದಾಗುತ್ತದೆ ಎಂದ. ಎಲ್ಲ ಎಂದರೆ ಮೂವತ್ತೆಂಟು ಜನರದ್ದೂ ಅಳಿಸಿಹೋಗುವುದು.

"ಹೊಸಾದು ಯಾರಿಗೆ ಬೇಕಾಗೈತೋ ತಮ್ಮಾ" ಅಂದರು ಅಕ್ಕಾರು. "ಒಂದು ಮಾಡದ ಬಾಗಿಲಾ ಕೆಟ್ಟೈತಿ ಅಂತ ಮನೀನ ಕೆಡವತಿ ಏನು? ಕುಂಡ್ರು, ಚಾ ಕುಡಿ."

ಅವನಿಗೆ ಚಹಾ ತರಿಸಿ, ತಾವು ಕುರ್ಚಿಯಲ್ಲಿ ಕುಳಿತರು. ತಮ್ಮ ಹೆಸರಿನಿಂದ ಒಳಗೆ ಹೋದರು. ಮಾಡಗಳನ್ನು ತೆಗೆಯುವ, ಮುಚ್ಚುವ ಅಧಿಕಾರ ಆ ಯಂತ್ರದಲ್ಲಿ ಅವರೊಬ್ಬರಿಗೇ ಇತ್ತು. ಒಂದು ಫೋಲ್ಡರ್ ತೆರೆದು, ಅದರೊಳಗೆ ಇನ್ನೊಂದು ತೆರೆದರು. ಅಲ್ಲಿ ಸಾಲಾಗಿ ಊರಿನ ಹೆಸರುಗಳಿದ್ದವು. ಹನುಮಂತಪ್ಪ ದರ್ಜಿ, ರುದ್ರಪ್ಪಜ್ಜ, ಮತ್ತೆ ಯಾರ್ಯಾರೋ. ನಡುವೆ ನೀಲವ್ವ. ನನ್ನ ಮಾಡ ಎಲ್ಲಿಯೂ ಹೋಗಿರಲಿಲ್ಲ.

ಅಕ್ಕಾರು ಅದರ ಮೇಲೆ ಒತ್ತಿದರು. ಇದನ್ನು ತೆರೆಯಲು ನಿಮಗೆ ಅನುಮತಿ ಇಲ್ಲ, ಮುಂದುವರಿಯಬೇಕೇ ಎಂದು ಕಂಪ್ಯೂಟರ್ ಕೇಳಿತು. ಹೌದು ಎಂದು ಒತ್ತಿದರೆ ಆಯಿತು. ಅವರು ಒತ್ತಲಿಲ್ಲ. ಕುರ್ಚಿಯಲ್ಲೇ ನನ್ನ ಕಡೆ ತಿರುಗಿದರು.

"ನೀಲವ್ವ, ನಿನ್ನ ಮಾಡದಾಗ ಕೈ ಹಾಕಲೇನು?"

ಮೆಕ್ಯಾನಿಕ್ ಫಕ್ಕನೆ ನಕ್ಕ. "ಅಕ್ಕಾರ, ಅಡ್ಮಿನ್ ನೀವ ಅದೀರಿ. ಕೇಳೂದೇನ ಐತ್ರಿ?"

"ಅಡ್ಮಿನ್ ಅದೀನಿ ಅಂತನ ಕೇಳಬೇಕು" ಅಂದರು ಅವರು, ನನ್ನಿಂದ ಕಣ್ಣು ತೆಗೆಯದೆ.

ಹಾಕ್ರಿ ಅಕ್ಕಾರ, ಅಂದೆ. ಒತ್ತಿದರು. ಅರವತ್ತೊಂದು ಫೈಲುಗಳು ನಾನು ಇಟ್ಟ ಸಾಲಿನಲ್ಲೇ ಇದ್ದವು. ಅಕ್ಕಾರು ಒಂದೊಂದನ್ನೂ ಬೆರಳಿಟ್ಟು ಎಣಿಸಿದರು. ನನಗೆ ಆದ ಸಂತೋಷವನ್ನು ಹೇಗೆ ಬರೆಯಬೇಕೋ ತಿಳಿಯದು. ಮಾವನವರ ನಾಲಿಗೆ ಪೂರ್ತಿ ವಾಪಸು ಬಂದಿದ್ದರೂ ಅಷ್ಟೇ ಸಂತೋಷವಾಗುತ್ತಿತ್ತು. ನಾನು ಅಲ್ಲಿಯೇ, ಮೆಕ್ಯಾನಿಕ್ ಎದುರಿಗೇ, ಅಕ್ಕಾರ ಕಾಲು ಮುಟ್ಟಿದೆ. ಅವರು ಕಾಲು ಹಿಂದಕ್ಕೆಳೆದುಕೊಂಡು, "ಏಳು, ಕೆಲಸ ಇನ್ನೂ ಐತಿ" ಅಂದರು.

ಕೆಲಸ ಇತ್ತು. ಕೆಟ್ಟದ್ದು ಕಾಗದಗಳಲ್ಲ, ಅಕ್ಷರದ ಅಳತೆ, ಪರದೆಯ ಬಣ್ಣ ಇವನ್ನೆಲ್ಲ ಬರೆದಿಡುವ ಒಂದು ಫೈಲು. ಅದು ಪ್ರತಿ ಮಾಡದೊಳಗೂ ಕಣ್ಣಿಗೆ ಕಾಣದಂತೆ ಅಡಗಿರುತ್ತದಂತೆ. ಅದನ್ನು ಮಾತ್ರ ಹಳೆಯದರಲ್ಲೇ ಬಿಟ್ಟು, ಹೊಸ ಮಾಡ ತೆಗೆದು ಉಳಿದದ್ದನ್ನೆಲ್ಲ ಅದರೊಳಗೆ ಜೋಡಿಸಬೇಕು. ಅಕ್ಕಾರು ಹೇಳಿದ ಇದನ್ನು ಮೆಕ್ಯಾನಿಕ್ಕೂ ಒಪ್ಪಿ, ಚಹಾ ಲೋಟ ಕೆಳಗಿಟ್ಟು ಪಕ್ಕದಲ್ಲಿ ನಿಂತು ನೋಡಿದ. ಹೊಸ ಖಾತೆಗೆ ಪಾಸ್‌ವರ್ಡ್ ಇಡುವಾಗ ಅಕ್ಕಾರು ಅವನ ಭುಜ ಹಿಡಿದು ತಿರುಗಿಸಿ, ತಾವೂ ಅವನ ಪಕ್ಕ ಗೋಡೆಗೆ ಮುಖ ಮಾಡಿ ನಿಂತರು.

ನಾನು ಒಳಗೆ ಹೋದೆ. ಹೊಸ ಮನೆಯ ಹಾಗೆ ಎಲ್ಲ ಬೋಳುಬೋಳಾಗಿತ್ತು. ಅಕ್ಕಾರು ನನ್ನನ್ನು ಸ್ವಲ್ಪ ಸರಿಸಿ ಮೌಸ್ ತೆಗೆದುಕೊಂಡರು. ನನ್ನನ್ನು ಒಂದು ಮಾತೂ ಕೇಳದೆ ಅಕ್ಷರಗಳನ್ನು ಎರಡು ಮೆಟ್ಟಿಲು ದೊಡ್ಡದು ಮಾಡಿದರು. ಪರದೆಗೆ ಗೋಧಿ ರವೆಯ ಸಜ್ಜಕದಂಥ ಹಳದಿ ಬಣ್ಣ ಹಾಕಿದರು. ಮೌಸಿನ ಓಟವನ್ನು ನಿಧಾನ ಮಾಡಿದರು, ನನ್ನ ಕೈ ಸ್ವಲ್ಪ ನಡುಗುತ್ತದೆ. ಕನ್ನಡ ಕೀಲಿಮಣೆಯನ್ನು ಮೊದಲು ಇಟ್ಟರು. ಫೈಲುಗಳನ್ನು ಹೆಸರಿನ ಪ್ರಕಾರವಲ್ಲ, ನಾನು ಬರೆದ ದಿನದ ಪ್ರಕಾರ ಸಾಲು ಹಚ್ಚಿದರು. ಕಂಪ್ಯೂಟರ್ ಮರೆತಿದ್ದ ನನ್ನ ಮರ್ಜಿಗಳೆಲ್ಲ ಅವರಿಗೆ ನೆನಪಿದ್ದವು. ಎರಡು ವರ್ಷ ನನ್ನ ಹಿಂದೆ ಸುಮ್ಮನೆ ಓಡಾಡುತ್ತಿದ್ದವರು ಅಷ್ಟೊಂದು ನೋಡಿಕೊಂಡಿದ್ದರು. ನನಗೆ ಬೇಕಾದದ್ದೇನು ಎಂದು ಅಷ್ಟು ವಿವರವಾಗಿ ತಿಳಿದವರು ಆ ಊರಿನಲ್ಲಿ ಮತ್ತೊಬ್ಬರಿರಲಿಲ್ಲ.

ಮೆಕ್ಯಾನಿಕ್ ಹೊರಡುವಾಗ, "ಗದಗಿಗೆ ಬರ್ರಿ ಅಕ್ಕಾರ, ನಮ್ಮ ಅಂಗಡ್ಯಾಗ ಒಂದು ಕುರ್ಚಿ ಹಾಕ್ತೀನಿ" ಅಂದ. "ನನಗ ಇಲ್ಲೆ ಮೂವತ್ತೆಂಟು ಮನಿ ಕಾಯೂದೈತಿ" ಅಂದರು ಅವರು.

ಅರವತ್ತೆರಡು ಔಷಧಗಳು ಪುಸ್ತಕವಾದವು. ಗದಗಿನ ಒಂದು ಸಣ್ಣ ಪ್ರೆಸ್ಸಿನಲ್ಲಿ ಅಚ್ಚಾಯಿತು. ಅಷ್ಟು ಹೊತ್ತಿಗೆ ಮಾವನವರ ಮಾತು ಪೂರ್ತಿ ನಿಂತಿತ್ತು. ಪುಸ್ತಕ ಕೈಗಿಟ್ಟಾಗ ಒಂದೊಂದೇ ಹಾಳೆ ತಿರುವಿ, ಕೊನೆಯದಕ್ಕೆ ಬಂದು, ಬಳ್ಳಿಯ ಮೂರು ಜಾಗಗಳ ಮೇಲೆ ಮೂರು ಸಲ ಬೆರಳೂರಿ ತಲೆ ಆಡಿಸಿದರು. ಮೂರೂ ಸರಿ ಇದ್ದವು. ಈಗ ಶಿರಹಟ್ಟಿಯ ಕಡೆಯ ದನಗಾಹಿಗಳೂ ಆ ಪುಸ್ತಕ ಹಿಡಿದುಕೊಂಡು ನಮ್ಮ ಮನೆ ಕೇಳಿಕೊಂಡು ಬರುತ್ತಾರೆ.

ಅಕ್ಕಾರು ನಿವೃತ್ತರಾಗಿ ಲಕ್ಷ್ಮೇಶ್ವರದಲ್ಲಿರುವ ತಂಗಿಯ ಮನೆ ಸೇರಿದರು. ಗ್ರಂಥಾಲಯಕ್ಕೆ ಹೊಸಬರು ಬಂದಿದ್ದಾರೆ. ಪಾಸ್‌ವರ್ಡ್ ಒತ್ತುವಾಗ ಅವರು ತಿರುಗುವುದಿಲ್ಲ, ನಾವೇ ಕೈ ಅಡ್ಡ ಹಿಡಿದುಕೊಳ್ಳುತ್ತೇವೆ. ಪುಸ್ತಕದ ಮೊದಲ ಪ್ರತಿ ಕೊಡಲು ಹೋದಾಗಲೇ ನಾನು ಅವರನ್ನು ಕೊನೆಯ ಸಲ ಕಂಡದ್ದು. ಮಂಡಿನೋವಿನಿಂದ ಅವರು ಗೋಡೆ ಹಿಡಿದು ನಡೆಯುತ್ತಿದ್ದರು. ಪುಸ್ತಕವನ್ನು ಕಣ್ಣಿಗೊತ್ತಿಕೊಂಡು, ಹಾಳೆ ಎಲ್ಲಿಯೂ ಮಡಚಿಲ್ಲವೆಂದು ನೋಡಿ, ತೊಡೆಯ ಮೇಲಿಟ್ಟುಕೊಂಡರು.

"ಮುಂದಿನದು ಯಾವಾಗ ಸುರು ಮಾಡ್ತಿ?" ಎಂದು ಕೇಳಿದರು.

"ಸುರು ಮಾಡಬೇಕ್ರಿ. ಈ ಸಲ ಮಾವ ಸೊಪ್ಪು ಹಿಡಿದು ಕೈಸನ್ನಿ ಮಾಡಿ ತೋರಸ್ತಾರ."

"ಹಂಗಾರ ಇಲ್ಲೇ ಸುರು ಮಾಡು ಬಾ."

ಪಡಸಾಲೆಯಲ್ಲಿ ತಂಗಿಯ ಮನೆಯವರು ಬಳಸುವ ಕಂಪ್ಯೂಟರ್ ಇತ್ತು. ಅದನ್ನು ಹಚ್ಚಿದರೆ ಪರದೆಯ ಮೇಲೆ ಆ ಮನೆಯವರ ಹೆಸರುಗಳು ಸಾಲಾಗಿ ಬಂದವು. ಎಲ್ಲಕ್ಕಿಂತ ಕೆಳಗೆ ನನ್ನ ಹೆಸರಿತ್ತು.

"ನೀ ಒಂದಲ್ಲಾ ಒಂದಿನ ಬರ್ತಿ ಅಂತ ಗೊತ್ತಿತ್ತು" ಅಂದರು. "ಅಕ್ಷರ ದೊಡ್ಡು ಮಾಡೀನಿ, ಹಳದಿ ಬಣ್ಣಾ ಹಾಕೀನಿ. ಪಾಸ್‌ವರ್ಡ್ ಮಾತ್ರ ಖಾಲಿ ಬಿಟ್ಟೀನಿ. ಅದು ನನಗ ಗೊತ್ತಿಲ್ಲಲ್ಲ."

ನಾನು ಕುರ್ಚಿಯಲ್ಲಿ ಕುಳಿತೆ. ಅಕ್ಕಾರು ಒಂದು ಕೈ ಗೋಡೆಗೂ ಇನ್ನೊಂದು ಕೈ ಮಂಡಿಗೂ ಊರಿ ಎದ್ದರು. ಅಡುಗೆಮನೆಯಿಂದ ಚಹಾ ಹಿಡಿದು ಬರುತ್ತಿದ್ದ ತಂಗಿಗೆ, "ಲೇ, ಆ ಕಡೆ ತಿರಗು" ಅಂದರು. ತಂಗಿ ಚಹಾದ ತಟ್ಟೆ ಹಿಡಿದುಕೊಂಡೇ ತಿರುಗಿದಳು. ಅವಳ ಪಕ್ಕದಲ್ಲಿ ಅಕ್ಕಾರು, ನನಗೆ ಬೆನ್ನು ಮಾಡಿ, ಗೋಡೆ ನೋಡುತ್ತ ನಿಂತರು. ನಾನು ಅವಸರ ಮಾಡಲಿಲ್ಲ. ಒಂದೊಂದೇ ಅಕ್ಷರ ಒತ್ತಿ, ನಮ್ಮ ಎಮ್ಮೆಯ ಹೆಸರನ್ನು ಪೂರ್ತಿ ಬರೆದೆ.